ಐದನೆಯವನಿಗೆ ನಿಂಬೆಹಣ್ಣಿಲ್ಲ

ಆಯುಧಪೂಜೆಯ ಬೆಳಿಗ್ಗೆ. ರಾಜಾಜಿನಗರದ ಒಂದು ಮನೆಯ ಮುಂದೆ ಕಾರಿಗೆ ಅಭ್ಯಂಜನ ಮುಗಿದಿತ್ತು. ಬಾನೆಟ್ಟಿಗೆ ವಿಭೂತಿ, ಬಂಪರಿಗೆ ಬಾಳೆಕಂದು, ವೈಪರಿಗೆ ಸೇವಂತಿಗೆ ಹಾರ. ಯಜಮಾನರು ಬೂದುಗುಂಬಳಕ್ಕೆಂದು ಮಾರುಕಟ್ಟೆಗೆ ಹೋಗಿದ್ದರು. ಡಿಕ್ಕಿ ತೆರೆದೇ ಇತ್ತು. ನೆಲಹಾಸು ಎತ್ತಿ, ಕೆಳಗಿನ ರಟ್ಟು ಸರಿಸಿ, ಗುಂಡಿಯಲ್ಲಿ ಅಂಗಾತ ಮಲಗಿದ್ದ ಸ್ಟೆಪ್ನಿಯವರನ್ನು ಮಾತಿಗೆಳೆದೆವು. ಬೆಳಕು ಕಂಡು ಬಹಳ ದಿನವಾಗಿತ್ತೋ ಏನೋ, ಮೊದಲು ಸ್ವಲ್ಪ ಸಿಡುಕಿದರು.

ನಾವು: ಹಬ್ಬದ ಶುಭಾಶಯಗಳು.

ಸ್ಟೆಪ್ನಿ: ಅಲ್ಲಿ ತಟ್ಟೇಲಿ ನಿಂಬೆಹಣ್ಣು ಎಷ್ಟಿದೆ, ಎಣಿಸಿ.

ನಾವು: ನಾಲ್ಕು.

ಸ್ಟೆಪ್ನಿ: ಕಾರಿಗೆ ಚಕ್ರ ಎಷ್ಟು? ಐದು. ಶೋರೂಮಿಂದ ಹೊರಬಿದ್ದ ದಿನವೂ ಇದೇ ಕಥೆ. ಗಣಪತಿ ಗುಡಿ ಮುಂದೆ ನಿಲ್ಲಿಸಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ ಮಾಡಿದರು. ಭಟ್ಟರು ಸುತ್ತು ಬಂದು ನಾಲ್ಕು ಚಕ್ರಕ್ಕೂ ಕುಂಕುಮ ಇಟ್ಟರು. ಡಿಕ್ಕಿ ತೆಗೀರಿ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಹೋಗಲಿ ಬಿಡಿ, ದೃಷ್ಟಿ ಬೀಳೋದಕ್ಕೆ ನನ್ನನ್ನ ಯಾರಾದರೂ ನೋಡಬೇಕಲ್ಲ.

ನಾವು: ತಮ್ಮ ವಯಸ್ಸು?

ಸ್ಟೆಪ್ನಿ: ಮೈಮೇಲೇ ಬರೆದಿದೆ, ಓದಿಕೊಳ್ಳಿ. ಪಕ್ಕದ ಗೋಡೇಲಿ ‘ಡಿಓಟಿ’ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ. 1416. ಅಂದರೆ 2016ನೇ ಇಸವಿಯ 14ನೇ ವಾರ ಹುಟ್ಟಿದ್ದು. ನಿಮ್ಮವರು ಸೊಸೆ ತರುವಾಗ ಜಾತಕ ತಾಳೆ ಹಾಕ್ತಾರೆ. ಲಕ್ಷಗಟ್ಟಲೆ ಕೊಟ್ಟು ಸೆಕೆಂಡ್ ಹ್ಯಾಂಡ್ ಕಾರು ತರುವಾಗ ಈ ನಾಲ್ಕು ಅಂಕಿ ಮಾತ್ರ ಯಾರ ಕಣ್ಣಿಗೂ ಬೀಳಲ್ಲ.

ನಾವು: ಅದರಿಂದ ಏನು ತಿಳಿಯುತ್ತೆ?

ಸ್ಟೆಪ್ನಿ: ಕೇಳಿ. ನಮ್ಮ ಈಗಿನ ಯಜಮಾನರು ಈ ಕಾರು ಕೊಂಡಿದ್ದು 2023ರಲ್ಲಿ. ಮೀಟರು 32 ಸಾವಿರ ಕಿಲೋಮೀಟರ್ ತೋರಿಸ್ತಿತ್ತು. ‘ಸಿಂಗಲ್ ಓನರ್, ಡಾಕ್ಟರ್ ಕಾರು, ವಾರಕ್ಕೊಂದು ದಿನ ಕ್ಲಿನಿಕ್ಕಿಗೆ ಹೋಗಿಬಂದಿದ್ದು ಅಷ್ಟೇ’ ಅಂತ ಬ್ರೋಕರ್ ಅಂದ. ನಾನು ಇಲ್ಲಿ ಮಲಗಿಕೊಂಡೇ ಎಲ್ಲಾ ಕೇಳಿಸಿಕೊಂಡೆ. ನನ್ನ ಮೇಲೆ 1416. ಹೊರಗಿನ ನಾಲ್ವರ ಮೇಲೆ 3120, ಅಂದರೆ 2020ರ 31ನೇ ವಾರ. ಈಗ ನೀವೇ ಲೆಕ್ಕ ಹಾಕಿ. ಸಾಧಾರಣ ಟೈರು 40 ಸಾವಿರ ಕಿಲೋಮೀಟರ್ ಓಡುತ್ತೆ, ಜೋಪಾನವಾಗಿ ಓಡಿಸಿದರೆ ಇನ್ನೂ ಹೆಚ್ಚು. ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಹೋದ ಕಾರಿಗೆ ನಾಲ್ಕೇ ವರ್ಷದಲ್ಲಿ ನಾಲ್ಕು ಟೈರೂ ಯಾಕೆ ಬದಲಾಯಿಸಿದರು? ಡಾಕ್ಟರು ಯಾವ ಊರಿನ ಕ್ಲಿನಿಕ್ಕಿಗೆ ಹೋಗ್ತಿದ್ದರು, ಲೇಹಿನಲ್ಲೇ?

ನಾವು: ಮೀಟರ್ ಹಿಂದಕ್ಕೆ ತಿರುಗಿಸಿದ್ದರು ಅಂತೀರಾ?

ಸ್ಟೆಪ್ನಿ: ನಾನು ಯಾರ ಮೇಲೂ ಆಪಾದನೆ ಹೊರಿಸೋದಿಲ್ಲ. ಕಾರು ಕೊಳ್ಳುವಾಗ ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಿ ಹಳೇ ಸರ್ವೀಸ್ ದಾಖಲೆ ಕೇಳಿ. ಪ್ರತಿ ಸಲ ಗಾಡಿ ಒಳಗೆ ಬಂದಾಗ ಕಿಲೋಮೀಟರ್ ಬರೆದಿಟ್ಟಿರ್ತಾರೆ. ಅದು ಸಿಗದಿದ್ದರೆ ಕ್ಲಚ್ ಪೆಡಲ್ ಮೇಲಿನ ರಬ್ಬರು ನೋಡಿ, ಸ್ಟೇರಿಂಗು ಎಲ್ಲಿ ನುಣ್ಣಗಾಗಿದೆ ನೋಡಿ. ನಮ್ಮ ಯಜಮಾನರು ಏನು ನೋಡಿದರು ಗೊತ್ತಾ? ಸೀಟ್ ಕವರು. ‘ಲೆದರ್ ಥರಾನೇ ಇದೆಯಲ್ಲಾ’ ಅಂದರು. ಅಲ್ಲಿಗೆ ವ್ಯಾಪಾರ ಮುಗೀತು.

ನಾವು: ನಿಮ್ಮನ್ನು ಎತ್ತಿ ನೋಡಲೇ ಇಲ್ಲವೇ?

ಸ್ಟೆಪ್ನಿ: ಎತ್ತಿದ್ದರೆ ನನ್ನ ಜನ್ಮ ಸಾರ್ಥಕವಾಗ್ತಿತ್ತು. 2022ರ ಸೆಪ್ಟೆಂಬರಿನ ಮಳೆ ನೆನಪಿದೆಯಲ್ಲ, ಹೊರ ವರ್ತುಲ ರಸ್ತೆ ಕಡೆ ದೊಡ್ಡ ದೊಡ್ಡವರ ಲೇಔಟಲ್ಲೇ ದೋಣಿ, ಟ್ರ್ಯಾಕ್ಟರ್ ಓಡಾಡಿದ್ದು. ಆಮೇಲೆ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಕಾರು ಅಂದರೆ ಮೊದಲು ಮೂಸಿ ನೋಡಬೇಕಾದ ವಸ್ತುವಾಯ್ತು. ಮುಳುಗಿದ ಕಾರಿನ ಸೀಟು ತೊಳೆಯಬಹುದು, ಕಾರ್ಪೆಟ್ ಬದಲಾಯಿಸಬಹುದು, ಮಲ್ಲಿಗೆ ಸೆಂಟು ಹೊಡೆಯಬಹುದು. ಆದರೆ ಮಾರೋವನೂ ಮನುಷ್ಯನೇ ತಾನೆ, ಅವನಿಗೂ ನನ್ನ ನೆನಪಿರಲ್ಲ! ನಾನು ಮಲಗೋ ಈ ಗುಂಡಿ ಕಾರಿನ ತಳದಲ್ಲಿರೋದು. ನೀರು ಇಳಿದ ಮೇಲೂ ಕೆಸರು ಇಲ್ಲಿ ಕೂತಿರುತ್ತೆ. ನನ್ನನ್ನ ಎತ್ತಿ ಟಾರ್ಚ್ ಹಾಕಿ. ಒಣಗಿದ ಮಣ್ಣು, ತುಕ್ಕು, ಬೋಲ್ಟಿನ ಸುತ್ತ ಕಂದು ಕಲೆ ಕಂಡರೆ ನಮಸ್ಕಾರ ಹೇಳಿ ಹೊರಡಿ. ತಗಡು ಎಲ್ಲಾದರೂ ಸುಕ್ಕುಗಟ್ಟಿದ್ದರೆ, ಒಂದು ಕಡೆ ವೆಲ್ಡಿಂಗು ಇನ್ನೊಂದು ಕಡೆಯಂತೆ ಇಲ್ಲದಿದ್ದರೆ, ಹಿಂದಿನಿಂದ ಯಾರೋ ಬಲವಾಗಿ ಗುದ್ದಿದ್ದಾರೆ ಅಂತರ್ಥ. ಬಂಪರ್ ಹೊಸದು ಹಾಕ್ತಾರೆ. ಈ ಗುಂಡಿಗೆ ಯಾರು ಇಸ್ತ್ರಿ ಮಾಡ್ತಾರೆ?

ನಾವು: ಈ ಕಾರಿನ ಗುಂಡಿ ಹೇಗಿದೆ?

ಸ್ಟೆಪ್ನಿ: ಉಂಡ ಮನೆಯ ಜಂತೆ ಎಣಿಸೋ ಜಾತಿ ನನ್ನದಲ್ಲ. ಮುಂದಿನ ಪ್ರಶ್ನೆ.

ನಾವು: ತಮ್ಮ ವಂಶದ ಬಗ್ಗೆ ಒಂದೆರಡು ಮಾತು.

ಸ್ಟೆಪ್ನಿ: ಸಣ್ಣ ವಂಶ ಅಂದುಕೋಬೇಡಿ. ಮೊದಮೊದಲ ಕಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದರೆ ರಸ್ತೇಲೇ ಕೂತು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ವೇಲ್ಸಿನ ಲಾನೆಲ್ಲಿ ಊರಿನ ಡೇವಿಸ್ ಸಹೋದರರು ಅರೆಕಡ್ಡಿ ಇಲ್ಲದ ಒಂದು ಬಳೆಗೆ ಟೈರು ಸುತ್ತಿ, ಕೆಟ್ಟ ಚಕ್ರದ ಪಕ್ಕಕ್ಕೇ ಬಿಗಿಯೋ ಹಾಗೆ ಮಾಡಿದರು. ಅವರ ಕಾರ್ಖಾನೆ ಇದ್ದ ಬೀದಿ ಸ್ಟೆಪ್ನಿ ಸ್ಟ್ರೀಟ್. ಆ ದೇಶದವರು ಈಗ ನಮ್ಮನ್ನ ‘ಸ್ಪೇರ್ ವೀಲ್’ ಅಂದು ಮುಗಿಸ್ತಾರೆ. ಹೆಸರಿಟ್ಟು ಕರೆಯೋರು ನೀವೇ, ಆ ಮರ್ಯಾದೆ ಮರೆಯೋಹಾಗಿಲ್ಲ. ಆದರೆ ಹೆಸರಿಟ್ಟವರು ವರ್ಷಕ್ಕೊಂದು ಸಲ ಗಾಳಿನೂ ಇಡಬೇಕಲ್ಲ ಸ್ವಾಮಿ!

ನಾವು: ಸರ್ವೀಸಿನವರು ನೋಡೋದಿಲ್ಲವೇ?

ಸ್ಟೆಪ್ನಿ: ನೋಡ್ತಾರಲ್ಲ, ಕಾಗದದ ಮೇಲೆ. ಕಳೆದ ಸಲದ ಪಟ್ಟೀಲಿ ‘ಸ್ಟೆಪ್ನಿ ಪ್ರೆಷರ್: ಓಕೆ’ ಅಂತ ಟಿಕ್ ಇತ್ತು. ಅವತ್ತಿಡೀ ಡಿಕ್ಕಿ ಬೀಗ ತೆಗೆದಿದ್ದಿಲ್ಲ. ಯಜಮಾನರು ಬರೀ ಆಯಿಲ್ ಬದಲಾಯಿಸೋಕೆ ಹೋಗಿದ್ದು. ಬಿಲ್ಲಲ್ಲಿ ಎಸಿ ಶುದ್ಧೀಕರಣ, ಇಂಜಿನ್ ಕೋಟಿಂಗು, ಒಳಗಡೆ ‘ರಿಚ್ ಕ್ಲೀನಿಂಗ್’ ಅಂತ ಸಾಲು ಸಾಲು ಬಂತು. ಮಾಲೀಕರ ಕೈಪಿಡೀಲಿ ಆಯಿಲ್ ಹತ್ತು ಸಾವಿರ ಕಿಲೋಮೀಟರಿಗೆ ಇಲ್ಲಾ ವರ್ಷಕ್ಕೆ, ಯಾವುದು ಮೊದಲೋ ಆಗ ಅಂತ ಬರೆದಿದೆ. ಇಂಜಿನ್ ಕೋಟಿಂಗಿನ ಮಾತೇ ಇಲ್ಲ. ಆ ಕೈಪಿಡಿ ಗ್ಲವ್ ಬಾಕ್ಸಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಕೂತಿದೆ. ಈ ಕಾರಲ್ಲಿ ನನ್ನ ದುಃಖ ಅರ್ಥವಾಗೋದು ಅದಕ್ಕೊಬ್ಬಂಗೇ.

ನಾವು: ಯಜಮಾನರಿಗೆ ಕಾರಿನ ಮೇಲೆ ಪ್ರೀತಿ ಇಲ್ಲ ಅಂತೀರಾ?

ಸ್ಟೆಪ್ನಿ: ಛೆ ಛೆ, ಪ್ರಾಣ! ಮ್ಯೂಸಿಕ್ ಸಿಸ್ಟಮ್ಮು ಬದಲಾಯಿಸಿದರು. ಹೊರಗಿನ ನಾಲ್ವರಿಗೆ ಅಲಾಯ್ ಹಾಕಿಸಿದರು, ನನಗೆ ಅದೇ ಹಳೇ ಕಬ್ಬಿಣದ ರಿಮ್ಮು. ಗಾಳಿ ಹಾಕಿಸೋಕೆ ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸ್ತಾರೆ. ಮಾಮೂಲಿ ಗಾಳೀಲೂ ನೂರಕ್ಕೆ 78 ಪಾಲು ಅದೇ ಇರೋದು. ಪೆಟ್ರೋಲ್ ಬಂಕಲ್ಲಿ ಗಾಳಿ ಪುಕ್ಕಟೆ, ಆದರೆ ಪುಕ್ಕಟೆ ಅಂದರೆ ನಮ್ಮವರಿಗೆ ನಂಬಿಕೆ ಬರಲ್ಲ. ಎಷ್ಟು ಹಾಕಬೇಕು ಅಂತ ಹುಡುಗ ಕೇಳಿದರೆ ‘ಎಲ್ಲರಿಗೂ ಹಾಕೋಷ್ಟು ಹಾಕಪ್ಪ’ ಅಂತಾರೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೇ ಚೀಟಿ ಅಂಟಿಸಿದ್ದಾರೆ. ಇಬ್ಬರಿದ್ದರೆ ಇಷ್ಟು, ಐದು ಜನ ಪೂರಾ ಲಗೇಜು ಇದ್ದರೆ ಇಷ್ಟು ಅಂತ. ಇನ್ನು ನಲವತ್ತು ಮೈಲಿ ಓಡಿ ಟೈರು ಕಾದಿರುವಾಗ ಅಳೆದರೆ ಗಾಳಿ ಹೆಚ್ಚೇ ತೋರಿಸುತ್ತೆ. ಬೆಳಿಗ್ಗೆ ಹೊರಡೋ ಮುಂಚೆ, ತಣ್ಣಗಿರುವಾಗ ನೋಡಬೇಕು.

ನಾವು: ಮೈಲೇಜ್ ಎಷ್ಟು ಕೊಡುತ್ತೆ?

ಸ್ಟೆಪ್ನಿ: ನೀವು ಕೇಳೇ ಕೇಳ್ತೀರಿ ಅಂತ ಕಾಯ್ತಿದ್ದೆ. ಸಾವಿನ ಮನೆಗೆ ಹೋದರೂ ಒಬ್ಬರಾದರೂ ಕಾರಿನ ಪಕ್ಕ ನಿಂತು ‘ಎಷ್ಟು ಕೊಡತ್ತೆ?’ ಅಂತಾರೆ. ನಮ್ಮ ಯಜಮಾನರು ಭಾವಮೈದನಿಗೆ ಇಪ್ಪತ್ತೆರಡು ಅಂತಾರೆ, ಆಫೀಸಲ್ಲಿ ಪೆಟ್ರೋಲ್ ಭತ್ಯೆ ಕೇಳುವಾಗ ಹನ್ನೊಂದು ಅಂತಾರೆ. ಟ್ಯಾಂಕು ತುಂಬಿಸಿ ಕಿಲೋಮೀಟರ್ ಬರೆದುಕೊಳ್ಳೋದು, ಓಡಿಸಿ ಮತ್ತೆ ತುಂಬಿಸೋದು, ಎರಡನೇ ಸಲ ಎಷ್ಟು ಲೀಟರ್ ಹಿಡೀತೋ ಅದರಿಂದ ಭಾಗಿಸೋದು. ನಾಲ್ಕನೇ ಕ್ಲಾಸಿನ ಭಾಗಾಕಾರ, ಆದರೆ ಸತ್ಯ ತಿಳಿಯೋ ಧೈರ್ಯ ಯಾರಿಗಿದೆ?

ನಾವು: ರಸ್ತೆಯ ಬಗ್ಗೆ ಅಭಿಪ್ರಾಯ?

ಸ್ಟೆಪ್ನಿ: ‘ಅವೈಜ್ಞಾನಿಕ ಹಂಪ್’ ಅಂತ ಪತ್ರಿಕೆಯವರು ಬರೀತಾರೆ. ವೈಜ್ಞಾನಿಕವಾದದ್ದು ಎಲ್ಲಾದರೂ ಇದ್ದರೆ ತಿಳಿಸಿ, ಹಾರ ಹಾಕಿಬರೋಣ. ಗುಂಡಿಗೆ ಬಿದ್ದು ಟೈರಿನ ಪಕ್ಕದ ಗೋಡೆ ಗೋಲಿಯಂತೆ ಉಬ್ಬಿದರೆ ಒಳಗಿನ ಎಳೆ ಹರಿದಿದೆ ಅಂತರ್ಥ. ಅದಕ್ಕೆ ತೇಪೆ ಇಲ್ಲ, ರಿಪೇರಿ ಇಲ್ಲ, ಟೈರೇ ಬದಲಾಯಿಸಬೇಕು. ನಮ್ಮ ಎಡ ಮುಂಗಾಲಿನವನಿಗೆ ಅಂಥದ್ದೊಂದು ಎದ್ದಿತ್ತು. ‘ಇರಲಿ ಬಿಡಿ, ದೀಪಾವಳಿ ಆಫರಲ್ಲಿ ನೋಡೋಣ’ ಅಂದರು. ಅವನು ದೀಪಾವಳಿವರೆಗೆ ಇರಲಿಲ್ಲ.

ನಾವು: ಏನಾಯ್ತು?

ಸ್ಟೆಪ್ನಿ: ಧರ್ಮಸ್ಥಳಕ್ಕೆ ಹೊರಟಿದ್ದರು, ಸಂಸಾರ ಸಮೇತ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳೀತಿದ್ದಾರೆ, ಮಳೆ ಬೇರೆ. ಟಪ್ ಅಂತು. ನನಗೆ ಗೊತ್ತಾಯ್ತು, ನನ್ನ ಸರದಿ ಬಂತು! ಇಷ್ಟು ವರ್ಷ ಕಾದಿದ್ದಕ್ಕೂ ಸಾರ್ಥಕ ಅಂದುಕೊಂಡೆ. ಅಕ್ಕಿ ಮೂಟೆ, ಎರಡು ಸೂಟ್‌ಕೇಸು, ಮಿಡಿ ಉಪ್ಪಿನಕಾಯಿ ಜಾಡಿ, ಹರಕೆ ತೆಂಗಿನಕಾಯಿ, ಎಲ್ಲಾ ರಸ್ತೆ ಪಕ್ಕಕ್ಕೆ ಇಳಿಸಿದರು. ಯಜಮಾನರು ಮೊದಲು ಮಾಡಿದ ಕೆಲಸ ಜಾಕ್ ಏರಿಸಿದ್ದು. ಚಕ್ರ ಗಾಳೀಲಿ ನಿಂತ ಮೇಲೆ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಚಕ್ರವೇ ಗಿರಗಿರ ಸುತ್ತುತ್ತೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಲ್ಲಿ ಬಿಟ್ಟು, ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಅರ್ಧ ಸಡಿಲ ಮಾಡಿ ಆಮೇಲೆ ಎತ್ತಬೇಕು. ಬಿಗಿಯುವಾಗ ಒಂದು ಬಿಟ್ಟು ಎದುರಿನದು. ಇದನ್ನೆಲ್ಲಾ ಹೇಳಿಕೊಟ್ಟಿದ್ದು ಹಿಂದೆ ನಿಂತ ಲಾರಿಯ ಕ್ಲೀನರ್ ಹುಡುಗ. ಪಾಪ, ಅವನೇ ಬಿಚ್ಚಿ ಅವನೇ ನನ್ನನ್ನ ತೊಡಿಸಿದ. ಜಾಕ್ ಇಳಿಸಿದರು.

ನಾವು: ಆಮೇಲೆ?

ಸ್ಟೆಪ್ನಿ: ನಾನೂ ಇಳಿದೆ. ಪೂರ್ತಿ. ರಿಮ್ಮು ನೆಲ ಮುಟ್ಟಿತು. ಏಳು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೂ ಗಾಳಿ ನೋಡಿರಲಿಲ್ಲ. ಟೈರು ಸುಮ್ಮನೆ ಮಲಗಿದ್ದರೂ ತಿಂಗಳು ತಿಂಗಳು ಚೂರು ಚೂರೇ ಗಾಳಿ ಇಳೀತಾ ಹೋಗುತ್ತೆ. ಅದಕ್ಕೇ ಸ್ಟೆಪ್ನಿಗೆ ಎರಡು ಮೂರು ಪಾಯಿಂಟ್ ಹೆಚ್ಚೇ ಹಾಕಿಡಿ ಅನ್ನೋದು. ಯಜಮಾನ್ತಿ ಕಾರಿಂದ ಇಳಿದು ನನ್ನನ್ನ ನೋಡಿದರು, ಆಮೇಲೆ ಯಜಮಾನರನ್ನ ನೋಡಿದರು. ‘ಇದನ್ನ ಯಾಕೆ ಹೊತ್ಕೊಂಡು ತಿರುಗ್ತಿದ್ರಿ?’ ಅಂದರು. ಯಾರ ಬಗ್ಗೆ ಕೇಳಿದ್ದು ಅಂತ ನನಗೆ ಇವತ್ತಿಗೂ ಸ್ಪಷ್ಟವಾಗಿಲ್ಲ.

ನಾವು: ಈಗ ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಇರೋದಿಲ್ಲವಂತೆ.

ಸ್ಟೆಪ್ನಿ: 2020ರಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿ ಕಮ್ಮಿಯಾದರೆ ಎಚ್ಚರಿಸೋ ಯಂತ್ರ, ರಿಪೇರಿ ಕಿಟ್ಟು, ಇಷ್ಟಿದ್ದರೆ ನನ್ನ ಅಗತ್ಯ ಇಲ್ಲವಂತೆ. ಒಂದು ಡಬ್ಬಿ ಗೋಂದು, ಒಂದು ಪುಟಾಣಿ ಪಂಪು, ಅದು ನನ್ನ ಉತ್ತರಾಧಿಕಾರಿ. ಮೊಳೆ ಚುಚ್ಚಿದ ತೂತಾದರೆ ಸೈ. ಪಕ್ಕದ ಗೋಡೆ ಹರಿದರೆ ಆ ಗೋಂದಿನಲ್ಲಿ ಕಾಗದ ಅಂಟಿಸಿಕೊಂಡು ಕೂತಿರಬೇಕು. ಸಿಎನ್‌ಜಿ ಕಾರುಗಳಲ್ಲಂತೂ ಡಿಕ್ಕಿಗೆ ಸಿಲಿಂಡರ್ ಬಂದು ಕೂತಿದೆ. ಇನ್ನು ಕೆಲವರಿಗೆ ಸಪೂರ ಸ್ಟೆಪ್ನಿ ಕೊಡ್ತಾರೆ, ಗಂಟೆಗೆ 80 ಕಿಲೋಮೀಟರ್ ದಾಟಬೇಡಿ ಅಂತ ಮೈಮೇಲೇ ಹಳದಿ ಚೀಟಿ. ಅದು ಪಂಕ್ಚರ್ ಅಂಗಡಿ ಮುಟ್ಟೋವರೆಗೆ ಮಾತ್ರ. ಅದರಲ್ಲೇ ಕನ್ಯಾಕುಮಾರಿ ಮುಟ್ಟಿದವರೂ ಇದ್ದಾರೆ.

ನಾವು: ಇನ್ಶೂರೆನ್ಸ್, ಆರ್‌ಸಿ, ಇವುಗಳ ಬಗ್ಗೆ...

ಸ್ಟೆಪ್ನಿ: ಗ್ಲವ್ ಬಾಕ್ಸ್ ಖಾತೆ ಅದು, ನನ್ನದಲ್ಲ. ಒಂದು ಮಾತ್ರ ಕೇಳಿಸಿಕೊಂಡಿದ್ದೇನೆ. ಐದು ವರ್ಷ ಕ್ಲೇಮ್ ಮಾಡದೆ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್ಸು ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೆ ಅವನ ಜೊತೆ ಹೋಗುತ್ತೆ, ಹೊಸ ಕಾರಿಗೆ ಅಂಟಿಸಿಕೊಳ್ಳಬಹುದು. ಅವನ ಜೊತೆಗೇ ಹೋಗೋ ಇನ್ನೊಂದಿದೆ: ಮಾರಿದ ಮೇಲೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರ ಹಳೇ ಮಾಲೀಕನ ತಲೆಗೇ ಬರುತ್ತೆ. 2018ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ಹೇಳಿದೆ. ‘ನಂಬಿಕಸ್ಥರು, ಆಮೇಲೆ ಮಾಡಿಸ್ತಾರೆ ಬಿಡಿ’ ಅಂತ ಕೀಲಿ ಕೊಟ್ಟು ಕಳಿಸೋರಿಗೆ ಇದನ್ನ ಹೇಳಿ.

ನಾವು: ಶಿರಾಡಿಯ ನಂತರವಾದರೂ ಯಜಮಾನರು ಬದಲಾದರೇ?

ಸ್ಟೆಪ್ನಿ: ಮಾರನೇ ವಾರ ನನಗೆ ಗಾಳಿ ಹಾಕಿಸಿದರು, ಫೋಟೋನೂ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಈಗ ನನಗೆ ಹತ್ತು ತುಂಬೋಕೆ ಬಂತು. ಹೊಸದರಂತೆ ಕಾಣ್ತೀನಿ, ಹಲ್ಲೆಲ್ಲಾ ನೆಟ್ಟಗಿವೆ, ಆದರೆ ರಬ್ಬರು ಒಳಗೊಳಗೇ ಗಟ್ಟಿಯಾಗಿದೆ. ಹತ್ತು ದಾಟಿದ ಟೈರನ್ನ, ಒಂದು ಮೈಲಿ ಓಡದಿದ್ದರೂ, ಹೆದ್ದಾರಿಗೆ ನಂಬಬಾರದು. ಐದು ಜನರೂ ಒಂದೇ ಅಳತೆ ಇದ್ದ ಕಾಲದಲ್ಲಿ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ನನ್ನನ್ನೂ ಸರದಿಗೆ ಸೇರಿಸಿ ತಿರುಗಿಸಿದ್ದರೆ ಎಲ್ಲರೂ ಒಟ್ಟಿಗೇ ಸವೀತಿದ್ವಿ. ಈಗ ಅಲಾಯ್ ನಡುವೆ ಕಬ್ಬಿಣ ಬಂದರೆ ಅಕ್ಕಪಕ್ಕದವರು ಏನಂತಾರೆ ಅಂತ ಭಯ.

ನಾವು: ಯಜಮಾನರು ಬಂದರು ಅನ್ನಿಸುತ್ತೆ, ಕುಂಬಳಕಾಯಿ ಕಾಣಿಸ್ತಿದೆ. ಸಂಜೆ ಮತ್ತೆ ಎಲ್ಲಿಗೋ ಪ್ರಯಾಣವಂತೆ. ಅವರಿಗೇನಾದರೂ ಹೇಳಬೇಕೇ?

ಸ್ಟೆಪ್ನಿ: ಹೂಂ, ಒಂದು ಕೆಲಸ ಮಾಡಿ. ಹೋದ ವಾರ ಮನೆ ಸಂಪಿನ ಮುಚ್ಚಳ ಎತ್ತೋಕೆ ಏನೂ ಸಿಗಲಿಲ್ಲ ಅಂತ ನನ್ನ ಪಕ್ಕದಲ್ಲಿದ್ದ ವೀಲ್ ಸ್ಪ್ಯಾನರ್ ತಗೊಂಡು ಹೋದರು. ಇನ್ನೂ ಅಲ್ಲೇ, ತುಳಸಿಕಟ್ಟೆ ಹಿಂದೆ ಬಿದ್ದಿದೆ. ಅರಿಶಿನ ಕುಂಕುಮ ಹಚ್ಚಿಯಾದರೂ ಸರಿ, ತಂದು ಒಳಗೆ ಇಡೋಕೆ ಹೇಳಿ.