ಎಂಜಿನ್ ಐದು ಲೀಟರ್, ಅತ್ತೆ ಎಷ್ಟು ಪೌಂಡ್?

ಡೆನ್ವರ್‌ಗೆ ಬಂದು ನೆಲೆಸಿದ ಕನ್ನಡಿಗನಿಗೆ ಹುಚ್ಚುಗಳು ಸರದಿಯ ಮೇಲೆ ಹಿಡಿಯುತ್ತವೆ. ಮೊದಲು ಹಿತ್ತಲ ಹುಲ್ಲು, ಆಮೇಲೆ ಬಾರ್ಬೆಕ್ಯೂ ಒಲೆ, ಕೊನೆಗೆ ಟ್ರೇಲರ್. ಟ್ರೇಲರ್ ಅಂದರೆ ಗಾಲಿಯ ಮೇಲಿನ ಮನೆ. ಮಂಚ, ಒಲೆ, ಬಚ್ಚಲು, ನೀರಿನ ತೊಟ್ಟಿ ಎಲ್ಲ ಸೇರಿ, ಸಾಮಾನು ತುಂಬಿದರೆ 7,000 ಪೌಂಡ್. ಅದನ್ನು ಎಳೆಯಲು ಫೋರ್ಡ್ ಎಫ್-150 ಪಿಕಪ್ ಎಂಬುದು ಒಂದು ಕಾಫಿ ಮುಗಿಯುವುದರೊಳಗೆ ತೀರ್ಮಾನವಾಯಿತು. ಯಾವ ಎಂಜಿನ್ ಎಂಬುದಕ್ಕೆ ಇಡೀ ಚಳಿಗಾಲ ಸಾಲಲಿಲ್ಲ.

ನನ್ನ ಮನಸ್ಸೆಲ್ಲ 5.0 ಲೀಟರಿನ ವಿ8 ಮೇಲೆ. ಹಾಸನದಲ್ಲಿ ನಮ್ಮಪ್ಪ 50 ಸಿಸಿಯ ಲೂನಾದಲ್ಲಿ ಅಮ್ಮನನ್ನು ಹಿಂದೆ, ನನ್ನನ್ನು ಮುಂದೆ ಕೂರಿಸಿಕೊಂಡು, ಏರು ಬಂದಾಗ ಪೆಡಲ್ ತುಳಿಯುತ್ತಿದ್ದರು. 5,000 ಸಿಸಿ ಅಂದರೆ ನೂರು ಲೂನಾ. ನಮ್ಮ ವಂಶದಲ್ಲಿ ಇಂಥ ಬಡ್ತಿ ಯಾರಿಗೆ ಸಿಕ್ಕಿತ್ತು?

ತೊಂದರೆ ಏನೆಂದರೆ, ಅದೇ ಗಾಡಿಗೆ ಎರಡು ಟರ್ಬೊ ಇರುವ 3.5 ಲೀಟರಿನ ವಿ6 ಕೂಡ ಬರುತ್ತದೆ. ಅಶ್ವಶಕ್ತಿ ಎರಡಕ್ಕೂ ಸುಮಾರು 400. ಭಾರ ಎಳೆಯಲು ಬೇಕಾದ ಟಾರ್ಕ್ ಮಾತ್ರ ದೊಡ್ಡದಕ್ಕೆ 410 ಪೌಂಡ್-ಅಡಿ, ಚಿಕ್ಕದಕ್ಕೆ 500. ಅದೂ ಎಂಜಿನ್ ಅಷ್ಟೇನೂ ಕಿರುಚಾಡುವ ಮೊದಲೇ. ಸಾಲದ್ದಕ್ಕೆ ನಾವಿರುವುದು ಕೊಲರಾಡೊದಲ್ಲಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಏರಿದಂತೆ ಹೆಚ್ಚುಕಡಿಮೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಇರುವುದೇ 11,000 ಅಡಿ ಎತ್ತರದಲ್ಲಿ. ಅಲ್ಲಿ ಮುಟ್ಟುವಷ್ಟರಲ್ಲಿ ನನ್ನ ನೂರು ಲೂನಾಗಳಲ್ಲಿ ಮೂವತ್ತನ್ನು ಪೆಡಲ್ ತುಳಿಯಬೇಕು.

"ಹಾಗಾದ್ರೆ ಚಿಕ್ಕದೇ ತಗೊಳ್ಳಿ, ಮುಗೀತಲ್ಲ" ಅಂದಳು ಹೆಂಡತಿ.

"ಮತ್ತೆ ವಿ8 ಸದ್ದು?"

"ಸದ್ದಿಗೆ ನೀವಿದ್ದೀರಲ್ಲ ರೀ."

ಊಟಕ್ಕೆ ಕೂತಾಗಲೂ ನಾನು ಬಿಡಲಿಲ್ಲ. ಸರಿಯಾಗಿ ಸಜ್ಜು ಮಾಡಿಸಿದರೆ ಈ ಗಾಡಿ 13,000 ಪೌಂಡ್ ಮೀರಿ ಎಳೆಯುತ್ತದೆ. ಕಂಪನಿ ಸುಮ್ಮನೆ ಬರೆದುಕೊಂಡ ಅಂಕಿಯಲ್ಲ, ಅದಕ್ಕೊಂದು ಪರೀಕ್ಷೆಯಿದೆ. ಅರಿಜೋನಾದ ಬಿಸಿಲಲ್ಲಿ, ಎಸಿ ಪೂರ್ತಿ ತಿರುಗಿಸಿಕೊಂಡು, ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಏರನ್ನು ಗಂಟೆಗೆ 40 ಮೈಲಿಗಿಂತ ಇಳಿಯದೆ ಹತ್ತಬೇಕು ಎಂದೆಲ್ಲ ಸಾರಿನ ಸೌಟು ಹಿಡಿದೇ ವಿವರಿಸಿದೆ. ಅವಳು ಕೇಳಿದ್ದು ಒಂದೇ: "ಒಳಗೆ ಎಷ್ಟು ಜನ ಕೂತಿರ್ತಾರೆ?"

"ಇಬ್ಬರು. ತಲಾ 150 ಪೌಂಡ್ ಅಂತ ಲೆಕ್ಕ."

"ಅಷ್ಟು ಸಣ್ಣಗಿರೋರು ನಮ್ಮ ಮನೇಲಿ ಎಷ್ಟು ಜನ ಇದ್ದಾರೆ?"

ಶೋರೂಮಿನಲ್ಲಿ ನಾನು ಬಾನೆಟ್ ಎತ್ತಿಸಿ ಭಕ್ತಿಯಿಂದ ಬಗ್ಗಿ ನಿಂತಿದ್ದೆ. ಅವಳು ಡ್ರೈವರ್ ಕಡೆಯ ಬಾಗಿಲು ತೆಗೆದು, ಕಂಬಕ್ಕೆ ಅಂಟಿಸಿದ್ದ ಅಂಗೈಯಗಲದ ಹಳದಿ ಪಟ್ಟಿಯ ಚೀಟಿ ಓದುತ್ತಿದ್ದಳು. ಜನ, ಸಾಮಾನು ಎಲ್ಲ ಸೇರಿ 1,500 ಪೌಂಡ್ ಮೀರಕೂಡದು ಎಂದು ಅದರಲ್ಲಿತ್ತು. ನಾನು ಆರಿಸಿದ್ದ ಗಾಡಿಗೆ ಗಾಜಿನ ಮಾಡು, ಅಗಲ ಗಾಲಿ, ಬೆನ್ನು ಒತ್ತುವ ಸೀಟು ಎಲ್ಲ ಇದ್ದವು. ಅವುಗಳ ಭಾರವೆಲ್ಲ ಈ ಅಂಕಿಯಿಂದಲೇ ಕಳೆದುಹೋಗಿತ್ತು. ಅವಳು ಫೋನಿನಲ್ಲಿ ಲೆಕ್ಕ ಹಾಕಿದಳು. ಟ್ರೇಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಗಾಡಿಯ ಬೆನ್ನಿಗೆ ಹೇರುತ್ತದೆ. ಶೇ 12 ಅಂದುಕೊಂಡರೂ 840. ಜೋಡಿಸುವ ಕೊಂಡಿಯ ಸಾಮಾನು 90. ಉಳಿದದ್ದು 570 ಪೌಂಡ್. ಎಂಜಿನ್ ಆನೆಯನ್ನೇ ಎಳೆಯಲಿ, ಹಿಂದಿನ ಅಚ್ಚು, ಸ್ಪ್ರಿಂಗು ಹೊರುವುದು ಹೊರುವಷ್ಟನ್ನೇ.

570 ಪೌಂಡಿನಲ್ಲಿ ನಾವಿಬ್ಬರು, ಮಕ್ಕಳಿಬ್ಬರು, ಜೂನ್‌ನಲ್ಲಿ ಮೈಸೂರಿನಿಂದ ಬರಲಿರುವ ಅತ್ತೆ.

ಅವತ್ತು ರಾತ್ರಿ ಮನೆಯಲ್ಲಿ ತೂಕದ ಉತ್ಸವ. ನಾನು ಕನ್ನಡಕ, ಉಂಗುರ ತೆಗೆದಿಟ್ಟು, ಉಸಿರು ಬಿಟ್ಟು ಹತ್ತಿದೆ. ಮುಳ್ಳು ಒಂಚೂರೂ ದಾಕ್ಷಿಣ್ಯ ತೋರಲಿಲ್ಲ. ಅತ್ತೆಯದು ಮಾತ್ರ ಗೊತ್ತಿಲ್ಲ. "ನಿಮ್ಮ ಲಾರಿ, ನೀವೇ ಕೇಳಿ" ಅಂದುಬಿಟ್ಟಳು ಅವರ ಮಗಳು.

ವಿಡಿಯೊ ಕಾಲ್ ಹಚ್ಚಿ ಮಳೆ, ಮಂಡಿನೋವು, ಪಕ್ಕದ ಮನೆಯವರ ಗೃಹಪ್ರವೇಶ ಎಲ್ಲ ಸುತ್ತಿಬಂದೆ. "ಡಾಕ್ಟರು ಈಚೆಗೆ ತೂಕ ಏನಾದ್ರೂ ನೋಡಿದ್ರಾ ಅತ್ತೆ?"

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಯಾಕೆ ಅಳಿಯಂದ್ರೇ, ನಾನು ಬಂದ್ರೆ ಭಾರ ಆಗುತ್ತಾ?"

"ಅಯ್ಯೋ, ನಮಗಲ್ಲ ಅತ್ತೆ. ಹಿಂದಿನ ಅಚ್ಚಿಗೆ."

ಫೋನ್ ಕಟ್ ಆಯಿತು. ನೆಟ್‌ವರ್ಕ್ ಅಂತ ನಾನು ಇಂದಿಗೂ ನಂಬಿದ್ದೇನೆ.

ಕೊನೆಗೆ 3.5 ಲೀಟರೇ ಬಂತು, ತಗಡಿನ ಮಾಡಿನದು, ಬೆನ್ನು ಒತ್ತದ ಸೀಟಿನದು. "ಆಕಾಶ ನೋಡೋಕೆ ಅಂತಾನೇ ಕಾಡಿಗೆ ಹೋಗ್ತಿರೋದು, ಗಾಡಿಯೊಳಗಿಂದ ಯಾಕೆ?" ಎಂಬ ಅವಳ ಪ್ರಶ್ನೆಗೆ ಶೋರೂಮಿನ ಹುಡುಗನೇ ತಲೆಯಾಡಿಸಿದ. ಚೀಟಿಯಲ್ಲಿ ಇನ್ನೂರು ಪೌಂಡ್ ಹೆಚ್ಚಿಗೆ ಸಿಕ್ಕಿತು.

ಆಮೇಲೊಂದು ದಿನ ಅತ್ತೆಯಿಂದ ಮೆಸೇಜ್: "ನಾನು 62 ಕೆಜಿ. ತಲಾ 23 ಕೆಜಿಯ ಸೂಟ್‌ಕೇಸ್ ಎರಡು. ಮಾವಿನ ಉಪ್ಪಿನಕಾಯಿ ಇಳಿಸೋದಿಲ್ಲ."

ಹೆಂಡತಿ ಮತ್ತೆ ಕೂಡಿಸಿದಳು, ಕಳೆದಳು, ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಇವತ್ತಿಂದ ರಾತ್ರಿ ನಿಮಗೆ ಗಂಜಿ."