ನಮ್ಮ ವಾರ್ಡಿನ ಮೆಂಬರ್ರಿಗೆ, ಆನೆ ಬಿಡಾರದಿಂದ

ಸಕ್ರೆಬೈಲು,
ಅಕ್ಟೋಬರ್ 2025

ಇವರಿಗೆ,
ನಮ್ಮ ವಾರ್ಡಿನ ಮಾನ್ಯ ಸದಸ್ಯರು (ಸ್ಥಾನ ಖಾಲಿ ಇದೆ),
ಶಿವಮೊಗ್ಗ

ಸ್ವಾಮಿ, ಅಥವಾ ಮೇಡಂ (ಮೀಸಲಾತಿ ಯಾರಿಗೆ ಬರುತ್ತದೋ, ಅದಕ್ಕೆ ಎರಡೂ ಬರೆದಿದ್ದೇನೆ),

ಮೊಮ್ಮಗನಿಗೆ ಆನೆ ಸ್ನಾನ ತೋರಿಸಲು ಬೆಳಿಗ್ಗೆಯೇ ಇಲ್ಲಿಗೆ ಬಂದೆ. ತುಂಗೆಯ ಹಿನ್ನೀರಿನಲ್ಲಿ ಆನೆಯೊಂದು ಮಗ್ಗುಲಾಗಿ ಮಲಗಿದೆ, ಕಾವಾಡಿ ಅದರ ಕಿವಿಯ ಹಿಂದೆ ಗಸಗಸ ಉಜ್ಜುತ್ತಿದ್ದಾನೆ. ರಾತ್ರಿ ಮೇಯಲು ಕಾಡಿಗೆ ಬಿಟ್ಟ ಆನೆಯನ್ನು ಸರಪಳಿ ಎಳೆದ ಗುರುತು ಹಿಡಿದು ಹುಡುಕಿ ತರುವವರು ಮಾವುತ, ಕಾವಾಡಿ. ಒಂದು ಆನೆಗೆ ಇಬ್ಬರು. ನಮ್ಮ 35 ವಾರ್ಡಿಗೆ ಒಟ್ಟು ಸೇರಿಸಿ ಮೆಂಬರ್ರು ಸೊನ್ನೆ. "ಅಜ್ಜ, ನಮ್ಮ ಬೀದಿಗೆ ಮಾವುತ ಯಾರು?" ಅಂತ ಮೊಮ್ಮಗ ಕೇಳಿದ್ದರೆ ಈ ಪತ್ರ ಇನ್ನೂ ಚೆನ್ನಾಗಿ ಶುರುವಾಗುತ್ತಿತ್ತು. ಅವನು ಕೇಳಿದ್ದು ಮಸಾಲೆ ಮಂಡಕ್ಕಿ.

2018ರ ಆಗಸ್ಟ್ 31ರಂದು ನಾವು ಪಾಲಿಕೆಗೆ ಓಟು ಹಾಕಿದ್ದೆವು. ಆಗ ಗೆದ್ದವರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅದಕ್ಕೊಂದು ತಿಂಗಳ ಮುಂಚೆ, ದಸರೆಗೆಂದು ಇದೇ ಬಿಡಾರದಿಂದ ಬಂದಿದ್ದ ನೇತ್ರಾವತಿ ಎಂಬ ಆನೆ ಜಂಬೂಸವಾರಿಗೆ ಮುನ್ನ ಊರೊಳಗೇ ಮರಿ ಹಾಕಿತ್ತು. ಆನೆಯ ಬಸಿರು ಹೆಚ್ಚೆಂದರೆ 22 ತಿಂಗಳು. ನಮ್ಮ ಚುನಾವಣೆಗೆ ಈಗ 23 ನಡೆಯುತ್ತಿದೆ, ಹೊಟ್ಟೆಯೇ ಕಾಣುತ್ತಿಲ್ಲ. ಕಾರಣ ಕೇಳಿದರೆ ವಾರ್ಡ್ ವಿಂಗಡಣೆಯಂತೆ, ಮೀಸಲಾತಿ ಪಟ್ಟಿಯಂತೆ.

ಪಾಲಿಕೆಯ ಅವಧಿ ಐದು ವರ್ಷ ದಾಟಕೂಡದು, ಅದು ಮುಗಿಯುವ ಮೊದಲೇ ಚುನಾವಣೆ ಮುಗಿಸಿರಬೇಕು ಎನ್ನುತ್ತದೆ ಸಂವಿಧಾನದ 243-ಯು ವಿಧಿ. ಮೊದಲ ಅರ್ಧವನ್ನು ನಮ್ಮಲ್ಲಿ ಚಾಚೂ ತಪ್ಪದೆ ಪಾಲಿಸಿದ್ದಾರೆ.

ನೀವಿಲ್ಲದೆ ಎರಡು ದಸರೆ ಆಯಿತು. ಅಂಬಾರಿ ನಿಂತಿಲ್ಲ. ಬಜೆಟ್ಟೂ ನಿಂತಿಲ್ಲ, ಈಗ ಮಂಡಿಸುವುದು, ಒಪ್ಪುವುದು ಎಲ್ಲ ಅಧಿಕಾರಿಗಳ ಕಡೆಯೇ. ಗದ್ದಲವಿಲ್ಲ, ಸಭಾತ್ಯಾಗವಿಲ್ಲ, ಮೇಯರ್ ಪೀಠದ ಮುಂದೆ ಧರಣಿ ಕೂರುವವರಿಲ್ಲ. ಅಷ್ಟು ಶಾಂತಿ.

ಕತ್ತಲೆ ಮಾತ್ರ ಇದೆ. ಗಣಪತಿ ಹಬ್ಬದಿಂದ ನಮ್ಮ ಕ್ರಾಸಿನ ಕಂಬದ ದೀಪ ಹೋಗಿದೆ. ಯಾವ ಕಚೇರಿಗೆ ಫೋನ್ ಮಾಡಿದೆ ಎಂದು ಬರೆಯುವುದಿಲ್ಲ, ಏಕೆಂದರೆ ಅದು ತಮ್ಮದಲ್ಲ ಎಂದು ಮೂರು ಕಡೆಯವರೂ ಹೇಳಿದ್ದಾರೆ. ಒಬ್ಬ ಹುಡುಗ ಮರ್ಯಾದೆಯಿಂದ ದೂರಿನ ನಂಬರ್ ಕೊಟ್ಟ. ನಾಲ್ಕನೇ ದಿನ ಮೊಬೈಲಿಗೆ ಮೆಸೇಜು: ನಿಮ್ಮ ದೂರು ಪರಿಹರಿಸಲಾಗಿದೆ. ಆ ಕಂಬದ ಕೆಳಗೆ ನಿಂತೇ ಓದಿದೆ. ಮೊಬೈಲಿನ ಬೆಳಕಿಗೆ ಒಂದು ಬೀದಿನಾಯಿ ಎದ್ದು ನೋಡಿ ಮತ್ತೆ ಮಲಗಿತು.

ಮೆಂಬರ್ ಅಂದರೆ ದೇವರೆಂದು ನಾನೇನೂ ಹೇಳುತ್ತಿಲ್ಲ. ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಚರಂಡಿ ಚಪ್ಪಡಿಗೂ ಹೆಸರಿನ ಕಲ್ಲು, ನೆಂಟನಿಗೊಂದು ಕಂಟ್ರಾಕ್ಟು. ಈ ಜಾತಿ ನಮಗೆ ಹೊಸದಲ್ಲ. ಆದರೆ ಹಾಲಿನ ಬೂತಿನ ಹತ್ತಿರ ಬೆಳಿಗ್ಗೆ ಆರಕ್ಕೇ ಕೈಗೆ ಸಿಗುತ್ತಿದ್ದ ಜಾತಿ. ಹಿಡಿದು ನಿಲ್ಲಿಸಿ ಬೈಯಬಹುದಿತ್ತು. "ಆಯ್ತು ಸಾರ್, ನಾಳೆ ಹುಡುಗರನ್ನ ಕಳಿಸ್ತೀನಿ" ಅನ್ನುತ್ತಿದ್ದರು. ನಾಳೆ ಅಂದರೆ ಹದಿನೈದು ದಿನ. ಆದರೂ ಹುಡುಗರು ಏಣಿ ಹೊತ್ತು ಬರುತ್ತಿದ್ದರು, ಯಾಕೆಂದರೆ ಕಳಿಸಿದವರು ಓಟಿಗೆ ಮತ್ತೆ ನಮ್ಮ ಗೇಟಿಗೇ ಬರಬೇಕಿತ್ತು. ಈಗಿರುವ ಆಡಳಿತಾಧಿಕಾರಿಗಳು ಒಳ್ಳೆಯವರೇ ಇರಬಹುದು. ನಮ್ಮ ಗೇಟಿಗೆ ಯಾಕೆ ಬಂದಾರು? ವರ್ಗವಾದರೆ ಬೇರೆ ಊರು.

ಭದ್ರಾವತಿಯ ನಮ್ಮ ಭಾವನ ಜಂಬ ನೋಡಬೇಕು ನೀವು. 2021ರ ಏಪ್ರಿಲ್‌ನಲ್ಲಿ ಅವರ ನಗರಸಭೆಗೆ ಚುನಾವಣೆ ನಡೆದಿತ್ತಲ್ಲ, ಫೋನ್ ಮಾಡಿದಾಗಲೆಲ್ಲ "ನಿನ್ನೆ ನಮ್ಮ ಮೆಂಬರ್‌ಗೆ ಸರಿಯಾಗಿ ಉಗಿದೆ" ಅನ್ನುತ್ತಾನೆ. ಹೊಟ್ಟೆ ಉರಿಯುತ್ತದೆ. ಬೆಂಗಳೂರಿನವರಿಗೆ 2020ರ ಸೆಪ್ಟೆಂಬರ್‌ನಿಂದಲೇ ಕಾರ್ಪೊರೇಟರ್‌ಗಳಿಲ್ಲ ಎಂದು ನೆನೆದು ಸಮಾಧಾನ ಮಾಡಿಕೊಳ್ಳುತ್ತೇನೆ.

ಆದಕಾರಣ ವಿನಂತಿ: ಬೇಗ ಹುಟ್ಟಿ ಬನ್ನಿ. ಯಾವ ಪಕ್ಷವಾದರೂ ಸರಿ. ಬಂದ ದಿನ ಹಾರ, ಪಟಾಕಿ, ತೆರೆದ ಜೀಪು ಎಲ್ಲ ನಿಮ್ಮಿಷ್ಟ. ಏಣಿ ನಮ್ಮ ಮನೆಯಲ್ಲಿದೆ, ಬಲ್ಬು ತನ್ನಿ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ

ವಿ.ಸೂ.: ಕಂಬ ತಿರುವಿನ ಎಡಕ್ಕಿದೆ. ಹಗಲು ಹೊತ್ತು ಬನ್ನಿ, ರಾತ್ರಿ ಕಾಣುವುದಿಲ್ಲ.