ಇದ್ದಲ್ಲಿ, ಇದ್ದಂತೆ

"ಹರಾಜಲ್ಲಿ ಸರ್ಕಾರಿ ಕಾರು ಹಿಡಿದ್ಯಂತೆ?"

"ಹ್ಞೂಂ. 2013ರ ಅಂಬಾಸಿಡರ್. ಮರುವರ್ಷವೇ ಕಂಪನಿ ತಯಾರಿಕೆ ನಿಲ್ಲಿಸಿತು."

"ಓಡಿಸಿ ನೋಡಿದ್ಯಾ?"

"ನೋಡಬಹುದು, ಓಡಿಸೋ ಹಾಗಿಲ್ಲ. 'ಇದ್ದಲ್ಲಿ, ಇದ್ದಂತೆ' ಅನ್ನೋದೇ ಷರತ್ತು. ಬ್ಯಾಟರಿ ಇರಲಿಲ್ಲ, ಸ್ಟೆಪ್ನಿ ಕಡತದಲ್ಲಿತ್ತು."

"ಲಾಗ್‌ಬುಕ್?"

"ಭರ್ಜರಿ! ಭಾನುವಾರವೂ ತಪಾಸಣೆಗೆ ಹೋಗಿದೆ, ಸಾಹೇಬರ ಅತ್ತೆ ಊರಿಗೆ."

"ಮೀಟರ್?"

"ಕೆಟ್ಟಿತ್ತು. ಡೀಸೆಲ್ ಬಿಲ್ ಮಾತ್ರ ಓಡ್ತಿತ್ತು."

"ಕೆಂಪು ದೀಪ?"

"2017ರ ಮೇ 1ಕ್ಕೇ ಹೋಯ್ತಲ್ಲ. ತೂತು ಉಳಿದಿದೆ, ಮಳೆ ಅನುಮತಿ ಕೇಳದೆ ಒಳಗೆ ಬರುತ್ತೆ."

"'ಜಿ' ನಂಬರ್ ಬದಲಾಯಿಸಿದ್ಯಾ?"

"ನಂಬರ್ ಬದಲಾಗುತ್ತೆ, ಅಭ್ಯಾಸ ಬದಲಾಗಬೇಕಲ್ಲ! ಹನ್ನೊಂದಕ್ಕೆ ಮುಂಚೆ ಸ್ಟಾರ್ಟ್ ಆಗಲ್ಲ."

"ಆಮೇಲೆ?"

"ಊಟದ ಹೊತ್ತಿಗೆ ನಿಲ್ಲುತ್ತೆ. ತಳ್ಳೋಕೆ ನಾಲ್ಕು ಜನ ಬೇಕು."

"ಬರ್ತಾರಾ?"

"ಬರ್ತಾರೆ, ಪ್ರಯಾಣ ಭತ್ಯೆ ಕೊಟ್ರೆ."